ಅಳಿವೆ ಎಂದರೆ ಹೊಳೆಯ ಬಾಯಿ ಮಾತ್ರವೇ, ಇಡೀ ಉಪ್ಪುಹೊಳೆಯೇ?

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನಿಂದ ಬರೆಯುತ್ತಿದ್ದೇನೆ.

ನಮ್ಮ ಹೊಳೆಯ ಕೊನೆಯ ಭಾಗ ತುಂಬ ಕೆಟ್ಟಿದೆ. ಅದನ್ನು ಸರಿಪಡಿಸಬೇಕು, ದಂಡೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ನೆಡಬೇಕು ಎಂದು ಊರಿನವರು ಸೇರಿ ಕೆಲಸ ಶುರು ಮಾಡಿದ್ದಾರೆ. ಮಲಯಾಳದ ಕರಪತ್ರವನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂತು. ಅಲ್ಲಿ 'ಅಳಿಮುಖಂ' ಎಂದಿತ್ತು, ಹೊಳೆ ಕಡಲು ಸೇರುವ ಜಾಗ. ನಾನು 'ಅಳಿವೆಯ ರಕ್ಷಣೆ' ಎಂದು ಬರೆದೆ. ಬದಿಯಡ್ಕ ಕಡೆಯ ಹುಡುಗಿಯೊಬ್ಬಳು ಅದನ್ನು ಓದಿ, "ಅಳಿವು ಅಂದ್ರೆ ನಾಶ ಅಲ್ವಾ? ಅದನ್ನು ಯಾಕೆ ರಕ್ಷಿಸುವುದು?" ಎಂದು ಕೇಳಿದಳು. ಕಡಲಿಂದ ಸ್ವಲ್ಪ ಒಳಗೆ ಹೋದರೆ ಈ ಪದ ಜನರ ಬಾಯಲ್ಲಿ ಇಲ್ಲ.

ಮಲಯಾಳದ ಆ 'ಅಳಿ'ಯಲ್ಲಿರುವುದು ನಮ್ಮ ಹಳಗನ್ನಡದ ೞಕಾರ. ಅಲ್ಲಿ ಅದು ಇನ್ನೂ ಬದುಕಿದೆ. ನಮ್ಮಲ್ಲಿ ಳಕಾರದೊಳಗೆ ಸೇರಿಹೋಯಿತು. ನಾಶವಾಗು ಎಂಬ ಅರ್ಥದ 'ಅೞಿ' ಕೂಡ ಹಾಗೆಯೇ. ಹೊಳೆ ಕಡಲಲ್ಲಿ ಮುಗಿಯುವ ಜಾಗವಾದ್ದರಿಂದ ಅಳಿವೆ ಎಂದರೇ? ಎರಡಕ್ಕೂ ಬೇರು ಒಂದೇ ಎನ್ನಬಹುದೇ?

ನನ್ನನ್ನು ಜಾಸ್ತಿ ಕಾಡುತ್ತಿರುವುದು ಮಾತ್ರ ಈ ಪದದ ಅಳತೆ. ಮೀನುಗಾರರಿಗೆ ಅಳಿವೆ ಎಂದರೆ ದೋಣಿ ಕಡಲಿಗೆ ದಾಟುವ ಬಾಯಿ, ಮರಳು ದಿಬ್ಬ ಕಟ್ಟುವ ಜಾಗ. ಚಂದ್ರಗಿರಿ ಹೊಳೆಗೆ ಅದು ತಳಂಗರೆಯಲ್ಲಿದೆ. ಆದರೆ ಉಪ್ಪು ಅಲ್ಲಿಗೇ ನಿಲ್ಲುವುದಿಲ್ಲ. ಉಪ್ಪುನೀರು ಭಾರ. ಭರತದ ಹೊತ್ತಿಗೆ, ಅಂದರೆ ಕಡಲು ಉಬ್ಬಿದಾಗ, ಸಿಹಿನೀರಿನ ಅಡಿಯಿಂದ ನುಗ್ಗಿ ಮೇಲೇರುತ್ತದೆ. ಬೇಸಿಗೆಯಲ್ಲಿ, ಪೇಟೆಗೆ ಕುಡಿಯುವ ನೀರೆತ್ತುವ ಬಾವಿಕ್ಕೆರೆಯ ತನಕ ಏರಿ, ಕಾಸರಗೋಡು ಪೇಟೆಯ ನಲ್ಲಿಯಲ್ಲಿ ಉಪ್ಪುನೀರು ಬರುತ್ತಿದ್ದ ದಿನಗಳನ್ನು ನಾವು ಮರೆತಿಲ್ಲ. ಅದನ್ನು ತಡೆಯಲೆಂದೇ ಅಲ್ಲಿ ಕಟ್ಟೆ ಕಟ್ಟಿದ್ದು. ಬಾಯಿಯಿಂದ ಅಲ್ಲಿಯವರೆಗಿನ ಹೊಳೆಗೆ ಏನೆನ್ನೋಣ?

ಸುಮ್ನೆ ಪದಕ್ಕಾಗಿ ಕೇಳುತ್ತಿಲ್ಲ. ಹೊಳೆ ತರುವ ನುಣ್ಣನೆಯ ಕೆಸರು ಉಪ್ಪು ತಾಗಿದ ಕೂಡಲೇ ಒಂದಕ್ಕೊಂದು ಅಂಟಿ ತಳಕ್ಕಿಳಿಯುತ್ತದೆ. ಮೇಲಿನಿಂದ ಬಂದ ಕೊಳೆ, ವಿಷ ಎಲ್ಲ ಅದರ ಜೊತೆಗೇ ಕೂರುತ್ತದೆ. ಅದೇ ಕೆಸರಲ್ಲಿ ಮರುವಾಯಿ (ಚಿಪ್ಪಿನ ಜೀವಿ) ಬದುಕುತ್ತದೆ, ನೀರು ಸೋಸಿ ತಿನ್ನುತ್ತದೆ. ಕಾಣೆ ಮೀನು, ಸಿಗಡಿ, ಏಡಿಗಳ ಮರಿಗಳು ಕಾಂಡ್ಲಾ ಬೇರುಗಳ ನಡುವೆ ಬೆಳೆಯುತ್ತವೆ. 'ಅಳಿವೆ ಉಳಿಸಿ' ಎಂದರೆ ಓದುವವರು ಬಾಯಿಯ ಹತ್ತಿರದ ಪ್ಲಾಸ್ಟಿಕ್ ಹೆಕ್ಕಿ ಮನೆಗೆ ಹೋಗುತ್ತಾರೆ. ಮೇಲಿನ ಕೆಸರು ಹಾಗೇ ಉಳಿಯುತ್ತದೆ.

ಪತ್ರಿಕೆಗಳಲ್ಲಿ ಕೆಲವೊಮ್ಮೆ ಕಾಣುವ 'ಮುಖಜಭೂಮಿ' ಇಲ್ಲಿಗೆ ಸಲ್ಲದು. ಅದು ಕೃಷ್ಣೆ, ಗೋದಾವರಿಯಂಥ ನದಿಗಳು ಮಣ್ಣು ತಂದು ಕಟ್ಟುವ ನೆಲ. ನಮ್ಮದು ನೀರು. 'ಹಿನ್ನೀರು' ಎಂದರೆ ಮಲೆನಾಡಿನವರಿಗೆ ಅಣೆಕಟ್ಟಿನ ಹಿಂದಿನ ನೀರು. ನಮ್ಮಲ್ಲಿ ಹಿರಿಯರು 'ಉಪ್ಪುಹೊಳೆ' ಎನ್ನುವುದನ್ನು ಕೇಳಿದ್ದೇನೆ. ನನ್ನ ಮನಸ್ಸು ಅದಕ್ಕೇ ಒಲಿದಿದೆ. ಕಿವಿಗೆ ಬಿದ್ದ ಕೂಡಲೇ ಅರ್ಥವಾಗುತ್ತದೆ, ಬಾಯಿಯ ಗಡಿಯನ್ನೂ ಹೇರುವುದಿಲ್ಲ.

ಕರಪತ್ರದಲ್ಲಿ ಇನ್ನೊಂದು ಪದ 'ಪುನಶ್ಚೇತನ'. ಅದರ ಬದಲು 'ಚೇತರಿಕೆ' ಬರೆಯಲೇ? ಕೊಳೆ ಬಿಡುವುದನ್ನು ನಿಲ್ಲಿಸಿ, ಭರತ ಇಳಿತಕ್ಕೆ ದಾರಿ ಬಿಟ್ಟರೆ ಹೊಳೆ ಜ್ವರ ಬಿಟ್ಟವರ ಹಾಗೆ ತಾನೇ ಚೇತರಿಸುತ್ತದೆ. ಪಕ್ಕದ ಕಣ್ಣೂರಿನಲ್ಲಿ ಸಾವಿರಾರು ಕಾಂಡ್ಲಾ ಗಿಡ ನೆಟ್ಟ ಪೊಕ್ಕುಡನ್ ಅವರನ್ನು ಜನ 'ಕಂಡಲ್ ಪೊಕ್ಕುಡನ್' ಎಂದೇ ಕರೆದರು. ಊರ ಮಾತಿನ ಪದ ಎಷ್ಟು ಬೇಗ ಅಂಟಿಕೊಳ್ಳುತ್ತದೆ ನೋಡಿ.

ಕುಂದಾಪುರ, ಹೊನ್ನಾವರ, ಕಾರವಾರ ಕಡೆಯವರು ದಯವಿಟ್ಟು ತಿಳಿಸಿ: ನಿಮ್ಮಲ್ಲಿ ಅಳಿವೆ ಎಲ್ಲಿಂದ ಎಲ್ಲಿಯವರೆಗೆ? ಉಪ್ಪುಹೊಳೆ ಎನ್ನುವ ಮಾತು ಇದೆಯೇ? ಕರಪತ್ರ ಇನ್ನೂ ಅಚ್ಚಿಗೆ ಹೋಗಿಲ್ಲ.