ತುಮಕೂರಿನಿಂದ ಪ್ರಶ್ನೆ: ಚೆಸ್ ರೇಟಿಂಗ್ 800 ದಾಟ್ತಿಲ್ಲ, ಯಾವ ಓಪನಿಂಗ್ (ಆಟ ಶುರು ಮಾಡೋ ನಡೆಗಳ ಸಾಲು) ಹಿಡೀಬೇಕು?

ಕಲ್ಪತರು_ಪಾನ್

ಆನ್‌ಲೈನ್‌ನಲ್ಲಿ 10 ನಿಮಿಷದ ಆಟ. ರೇಟಿಂಗ್ 750ರಿಂದ 800ರ ಮಧ್ಯೆ ನಿಂತುಬಿಟ್ಟಿದೆ. ಬಿಳಿಯಲ್ಲಿ ಒಮ್ಮೆ ಲಂಡನ್ ಓಪನಿಂಗ್, ಒಮ್ಮೆ ಇಟಾಲಿಯನ್. ಕಪ್ಪಿನಲ್ಲಿ ವಿಡಿಯೋ ನೋಡಿ ಸಿಸಿಲಿಯನ್. ಹತ್ತು ನಡೆ ಆಗೋಷ್ಟರಲ್ಲಿ ಮುಂದೇನು ಅಂತ ಗೊತ್ತಾಗಲ್ಲ. ತುಮಕೂರು–ಯಶವಂತಪುರ ದಿನಾ ರೈಲಿನ ಓಡಾಟ, ಆ ಹೊತ್ತು ಅಭ್ಯಾಸಕ್ಕೆ ಸಿಗುತ್ತೆ, ಆದರೆ ನೆಟ್‌ವರ್ಕ್ ಬಂದು ಹೋಗ್ತಾ ಇರುತ್ತೆ. ಎರಡು ತಿಂಗಳಲ್ಲಿ ಬೋರ್ಡ್ ಮೇಲೆ ಆಡೋ ಟೂರ್ನಮೆಂಟ್ ಒಂದಿದೆ. ಏನು ಬಿಡಬೇಕು, ಏನು ಇಟ್ಕೋಬೇಕು?

ದುರ್ಗದ_ಆನೆ

ಮೊದಲು ಸಿಸಿಲಿಯನ್ ಬಿಡಿ. ಅದು ಕೆಟ್ಟ ಓಪನಿಂಗ್ ಅಂತಲ್ಲ. ಅದರಲ್ಲಿ ಎದುರಾಳಿ ಬೇರೆ ಬೇರೆ ದಾರಿ ಹಿಡಿದಾಗ ನೀವೂ ಅಷ್ಟೇ ದಾರಿ ಕಲಿತಿರಬೇಕು, ಒಂದು ನಡೆ ತಡವಾದರೂ ರಾಜ ಮಧ್ಯದಲ್ಲೇ ಸಿಕ್ಕಿಬೀಳ್ತಾನೆ.

ಇನ್ನೊಂದು ಮಾತು. 800ರ ಮಟ್ಟದಲ್ಲಿ ಸೋಲು ಬಹುಪಾಲು ಓಪನಿಂಗ್‌ನಿಂದ ಬರಲ್ಲ, ಕಾಯಿ ಪುಕ್ಕಟೆ ಕೊಡೋದರಿಂದ ಬರುತ್ತೆ. ಕೊನೆಯ 20 ಸೋಲುಗಳನ್ನ ತೆಗೆದು, ಮೊದಲ ಕಾಯಿ ಯಾವ ನಡೆಗೆ ಹೋಯ್ತು ಅಂತ ಗುರುತು ಹಾಕಿ. ಎಂಜಿನ್ (ನಡೆ ತೂಗಿ ನೋಡೋ ಪ್ರೋಗ್ರಾಂ) ಆಮೇಲೆ, ಮೊದಲು ನಿಮ್ಮ ಕಣ್ಣಲ್ಲೇ ಹುಡುಕಿ. ಹತ್ತು ನಿಮಿಷದ ಆಟ ಬಿಟ್ಟು 15+10 (15 ನಿಮಿಷ, ಪ್ರತಿ ನಡೆಗೆ 10 ಸೆಕೆಂಡ್ ಹೆಚ್ಚು) ಆಡಿ. ಕೊನೆಯ ಹತ್ತು ಸೆಕೆಂಡಿನ ಓಟದಲ್ಲಿ ಯಾರೂ ಏನೂ ಕಲಿಯಲ್ಲ. ಪ್ರತಿ ನಡೆಗೆ ಮುಂಚೆ ಮೂರೇ ಪ್ರಶ್ನೆ: ನಾನು ಇದನ್ನ ಆಡಿದ ಮೇಲೆ ಅವರಿಗೆ ಚೆಕ್ ಇದೆಯಾ, ಹೊಡೆಯೋಕೆ ಏನಾದರೂ ಇದೆಯಾ, ಹೊಸ ಬೆದರಿಕೆ ಇದೆಯಾ? ಬೆರಳು ಕಾಯಿಯ ಕಡೆ ಹೋಗೋ ಮೊದಲೇ ಕೇಳ್ಕೋಬೇಕು.

ಬಿಳಿಗೆ ಇಟಾಲಿಯನ್ ಒಂದೇ ಸಾಕು. ನಡೆಗಳು ಹೀಗೆ (ಜೋಡಿಯಲ್ಲಿ ಮೊದಲು ಬಿಳಿ, ಆಮೇಲೆ ಕಪ್ಪು; ಕಾಯಿಯ ಹೆಸರಿಲ್ಲದಿದ್ದರೆ ಪಾನ್, ಅಂದ್ರೆ ಕಾಲಾಳು): ಇ4 ಇ5, ಕುದುರೆ ಎಫ್3 ಕುದುರೆ ಸಿ6, ಒಂಟೆ ಸಿ4 ಒಂಟೆ ಸಿ5, ಸಿ3 ಕುದುರೆ ಎಫ್6, ಡಿ3. ಐದನೇ ನಡೆಗೇ ಡಿ4 ನುಗ್ಗಿಸೋ ಆಸೆ ಆಗುತ್ತೆ. ಆದರೆ ಅವರು ಪಾನ್ ಹೊಡೆದು, ನೀವು ಸಿ ಪಾನ್‌ನಿಂದ ಹೊಡೆದಾಗ ಒಂಟೆ ಬಿ4ಕ್ಕೆ ಬಂದು ಚೆಕ್ ಕೊಡುತ್ತೆ. ಅಲ್ಲಿಂದ ಮುಂದೆ ಓದಿಕೊಂಡವರೇ ಗೆಲ್ಲೋ ಆಟ. ಡಿ3 ಆಡಿದರೆ ಇ4 ಪಾನ್ ಭದ್ರ, ಡಿ4 ನಿಧಾನಕ್ಕೆ ಆಡಬಹುದು.

ಆಮೇಲೆ ಕ್ಯಾಸ್ಲಿಂಗ್ (ಒಂದೇ ನಡೆಯಲ್ಲಿ ರಾಜ ಆನೆಯ ಕಡೆ ಸರಿದು, ಆನೆ ಅವನ ಆಚೆ ಪಕ್ಕಕ್ಕೆ ಬರೋದು), ಆನೆ ಇ1, ಬಿ1 ಕುದುರೆ ಡಿ2, ಅಲ್ಲಿಂದ ಎಫ್1, ಅಲ್ಲಿಂದ ಜಿ3. ಕ್ರಮ ಮುಖ್ಯ: ಆನೆ ಮೊದಲು ಎಫ್1 ಬಿಡದೇ ಇದ್ದರೆ ಕುದುರೆಗೆ ಆ ಮನೆ ಸಿಗಲ್ಲ. ಹೊಸಬರು ಇಲ್ಲಿ ಎಡವೋದು ಎಫ್7 ಮೇಲಿನ ಆಸೆಯಲ್ಲಿ. ಕಪ್ಪು ಆಗಲೇ ಕ್ಯಾಸ್ಲಿಂಗ್ ಮಾಡಿದೆ, ಆದರೂ ಕುದುರೆ ಜಿ5ಕ್ಕೆ ಹಾರಿಸಿ, ಒಂಟೆ–ಕುದುರೆ ಎರಡನ್ನೂ ಎಫ್7ರಲ್ಲಿ ಕೊಟ್ಟು ಆನೆ–ಪಾನ್ ತಗೋತಾರೆ. ಲೆಕ್ಕದಲ್ಲಿ (ಒಂಟೆ, ಕುದುರೆ ತಲಾ 3; ಆನೆ 5, ಪಾನ್ 1) ಆರಕ್ಕೆ ಆರು. ಆದರೆ ಮಧ್ಯದಾಟದಲ್ಲಿ ಅವರ ಹತ್ರ ಹೆಚ್ಚಿಗೆ ಉಳಿದ ಎರಡು ಕಾಯಿ ಕೆಲಸ ಮಾಡುತ್ತೆ, ನಿಮ್ಮ ಆನೆ ದಾರಿ ಸಿಗದೆ ಮೂಲೆಯಲ್ಲೇ ಕೂತಿರುತ್ತೆ. ನಷ್ಟ ನಿಮಗೇ.

ಕಪ್ಪಿನಲ್ಲಿ ಇ4ಗೆ ಕಾರೋ-ಕಾನ್: ಸಿ6, ಆಮೇಲೆ ಡಿ5. ಅವರು ಪಾನನ್ನ ಇ5ಕ್ಕೆ ತಳ್ಳಿದರೆ ಒಂಟೆಯನ್ನ ಮೊದಲು ಎಫ್5ಕ್ಕೆ ಹೊರಗೆ ತನ್ನಿ, ಆಮೇಲೆ ಇ6. ತಿರುಗಾಮುರುಗಾ ಆದರೆ ಒಂಟೆ ಒಳಗೇ ಬಂದಿ. ಅವರು ಸಿ3 ಕುದುರೆ ಆಡಿದರೆ ಇ4 ಹೊಡೀರಿ, ಒಂಟೆ ಎಫ್5. ಕುದುರೆ ಜಿ3ಕ್ಕೆ ಬಂದಾಗ ಒಂಟೆ ಜಿ6ಕ್ಕೆ. ಅವರು ಹೆಚ್4 ಆಡಿದ ತಕ್ಷಣ ನೀವು ಹೆಚ್6 ಆಡಲೇಬೇಕು. ಮರೆತರೆ ಮುಂದಿನ ನಡೆ ಹೆಚ್5, ಒಂಟೆಗೆ ಹೋಗೋಕೆ ಮನೆ ಇಲ್ಲ.

ಡಿ4ಗೆ ಡಿ5, ಇ6, ಕುದುರೆ ಎಫ್6, ಒಂಟೆ ಇ7, ಕ್ಯಾಸ್ಲಿಂಗ್, ಸಮಯ ನೋಡಿ ಸಿ5. ಇಷ್ಟು ಸಾಕು.

ಶಿರಾ_ಗೇಟ್_ಕುದುರೆ

ಕಾರೋ-ಕಾನ್ ಒಪ್ಪಿದೆ. ಬಿಳಿಗೆ ಲಂಡನ್ ಬಿಡಿ ಅನ್ನೋದನ್ನ ಮಾತ್ರ ಪೂರ್ತಿ ಒಪ್ಪಲ್ಲ. ಟೂರ್ನಮೆಂಟ್‌ಗೆ ಎರಡೇ ತಿಂಗಳು ಇರೋವಾಗ, ಕಪ್ಪು ಏನು ಆಡಿದರೂ ಡಿ4, ಒಂಟೆ ಎಫ್4, ಇ3, ಕುದುರೆ ಎಫ್3, ಸಿ3 ಅಂತ ಕೂರೋದು ನೆಮ್ಮದಿ.

ಅಪಾಯ ಎಲ್ಲಿ ಅಂದ್ರೆ, ಕಣ್ಣುಮುಚ್ಚಿ ಆಡೋದು. ಕಪ್ಪು ಸಿ5 ಆಡಿ ರಾಣಿಯನ್ನ ಬಿ6ಕ್ಕೆ ತಂದರೆ ಬಿ2 ಪಾನ್ ಮೇಲೆ ಕಣ್ಣು. ಸಿ3 ಆಡಿದ್ದರೆ ನಿಮ್ಮ ರಾಣಿಯನ್ನ ಬಿ3ಕ್ಕೆ ತನ್ನಿ. ಅಲ್ಲಿ ಹೊಡೆದರೆ ನೀವು ಎ ಪಾನ್‌ನಿಂದ ಹೊಡೀತೀರ, ಎ1 ಆನೆಗೆ ದಾರಿ ತಾನಾಗೇ ತೆರೆಯುತ್ತೆ. ಕುದುರೆ ಹೆಚ್5ಕ್ಕೆ ಬಂದು ಒಂಟೆಯನ್ನ ಅಟ್ಟದ ಹಾಗೆ, ಪುರುಸೊತ್ತು ಸಿಕ್ಕಾಗ ಹೆಚ್3 ಆಡಿ ಹೆಚ್2 ಮನೆ ಖಾಲಿ ಇಟ್ಟಿರಿ.

ದುರ್ಗದ_ಆನೆ

ಟೂರ್ನಮೆಂಟ್‌ವರೆಗೆ ಸರಿ. ಆದರೆ ಲಂಡನ್ ಮಾತ್ರ ಆಡಿಕೊಂಡಿದ್ದರೆ ತೆರೆದ ಆಟದ ಹೊಡೆತಗಳು ಕೈಗೆ ಬರಲ್ಲ. ಎರಡರಲ್ಲಿ ಒಂದನ್ನ ಹಿಡಿದು ಕನಿಷ್ಠ 50 ಆಟ ಬದಲಾಯಿಸಬೇಡಿ. ದೋಷ ಓಪನಿಂಗ್‌ನದಾ ನಿಮ್ಮದಾ ಅಂತ ಅಲ್ಲೇ ಗೊತ್ತಾಗೋದು.

ಕಲ್ಪತರು_ಪಾನ್

ಇಟಾಲಿಯನ್ನೇ ಹಿಡೀತೀನಿ. ಬಿಳಿಯವರು ಎರಡನೇ ನಡೆಗೇ ರಾಣಿಯನ್ನ ಹೆಚ್5ಕ್ಕೆ ತಂದರೆ? ಇ4ಗೆ ಇ5 ಆಡಿದಾಗಲೆಲ್ಲ ಇದೇ ಕಾಟ. ಮತ್ತೆ ರೈಲಿನ ಸಮಯಕ್ಕೆ ಏನು ಮಾಡಲಿ?

ಹೊಸ_ಬಡಾವಣೆ_64

ಹೆಚ್5 ರಾಣಿಗೆ ತಕ್ಷಣ ಜಿ6 ಆಡಬೇಡಿ. ರಾಣಿ ಇ5 ಪಾನ್ ಹೊಡೆದು ಚೆಕ್ ಕೊಡುತ್ತೆ, ಅದೇ ಏಟಿಗೆ ಹೆಚ್8 ಆನೆಯೂ ಹೋಗುತ್ತೆ. ಮೊದಲು ಕುದುರೆ ಸಿ6. ಅವರು ಒಂಟೆ ಸಿ4 ಅಂದಾಗ ಈಗ ಜಿ6. ರಾಣಿ ಎಫ್3ಕ್ಕೆ ಹೋದರೆ ಕುದುರೆ ಎಫ್6. ಜಿ6 ಬದಲು ಗಾಬರಿಯಲ್ಲಿ ಕುದುರೆಯನ್ನ ಎಫ್6ಕ್ಕೆ ತಂದರೆ ಎಫ್7ರಲ್ಲಿ ಮೇಟ್. ಕಾರೋ-ಕಾನ್‌ಗೆ ಬಂದ ಮೇಲೆ ಈ ಕಾಟ ಹೆಚ್ಚು ಇರಲ್ಲ.

ರೈಲಿಗೆ ಪಜಲ್. ಲಿಚೆಸ್ ಆ್ಯಪ್ ಒಂದಿಷ್ಟು ಪಜಲ್‌ಗಳನ್ನ ಫೋನಲ್ಲೇ ಇಟ್ಟುಕೊಳ್ಳುತ್ತೆ, ಹೊರಡೋ ಮುಂಚೆ ನೆಟ್ ಇರುವಾಗ ಒಮ್ಮೆ ತೆರೆದಿಡಿ. ಕ್ಯಾತ್ಸಂದ್ರ ದಾಟಿ ಚಿಕ್ಕಬಾಣಾವರ ಬರೋಷ್ಟರಲ್ಲಿ 15 ಸಾಕು. ಪೂರ್ತಿ ಸಾಲು ಮನಸ್ಸಲ್ಲಿ ಕಂಡ ಮೇಲೇ ಬೆರಳಿಡಿ. ಮೊದಲ ನಡೆ ಊಹಿಸಿ ಒತ್ತಿದರೆ ಅಭ್ಯಾಸ ಆಗಲ್ಲ, ಜೂಜು ಆಗುತ್ತೆ. ಮೊದಲ ತಿಂಗಳು ಫೋರ್ಕ್ (ಒಂದೇ ಕಾಯಿ ಎರಡರ ಮೇಲೆ ಏಟು), ಪಿನ್ (ಹಿಂದಿನ ದೊಡ್ಡ ಕಾಯಿಗಾಗಿ ಅಲ್ಲಾಡೋಕಾಗದ ಕಾಯಿ), ಎರಡು ನಡೆಯ ಮೇಟ್ ಮಾತ್ರ.

ವಾರಕ್ಕೆ ಒಂದು ದಿನ ರಾಜ–ಪಾನ್ ಅಂತ್ಯದಾಟ. ನಿಮ್ಮ ರಾಜ ತನ್ನ ಪಾನಿನ ಮುಂದೆ ಆರನೇ ಸಾಲು ಮುಟ್ಟಿದರೆ ಸರದಿ ಯಾರದಾದರೂ ಗೆಲುವು. ಅಂಚಿನ ಎ, ಹೆಚ್ ಪಾನ್‌ಗೆ ಈ ನಿಯಮ ಇಲ್ಲ; ಎದುರಾಳಿಯ ರಾಜ ಮೂಲೆ ಸೇರಿದರೆ ಡ್ರಾ. ಇದು ಹೊಸಬರಿಗೆ ಮಾತ್ರ ಅಂದ್ಕೋಬೇಡಿ. 2024ರ ಡಿಸೆಂಬರ್‌ನಲ್ಲಿ ಸಿಂಗಾಪುರದ ವಿಶ್ವ ಚಾಂಪಿಯನ್‌ಷಿಪ್‌ನ 14ನೇ ಆಟದಲ್ಲಿ ಆಗಿನ ಚಾಂಪಿಯನ್ ಡಿಂಗ್ ಲಿರೆನ್ ಆನೆಯನ್ನ ಎಫ್2ಕ್ಕೆ ಇಟ್ಟರು. ಗುಕೇಶ್ ಆನೆ, ಒಂಟೆ ಎರಡನ್ನೂ ಬದಲಾಯಿಸಿಕೊಂಡು ಗೆಲ್ಲುವ ಪಾನ್ ಅಂತ್ಯದಾಟಕ್ಕೆ ಇಳಿಯೋ ದಾರಿ ಕಂಡರು, ಪಟ್ಟ ಅಲ್ಲೇ ತೀರ್ಮಾನ ಆಯ್ತು.

ಶಿರಾ_ಗೇಟ್_ಕುದುರೆ

ಬೋರ್ಡ್ ಮೇಲಿನ ಆಟಕ್ಕೆ ಎರಡು ವಿಷಯ. ಮುಟ್ಟಿದ ಕಾಯಿಯನ್ನ ಆಡಲೇಬೇಕು. ಕ್ಯಾಸ್ಲಿಂಗ್‌ಗೆ ಒಂದೇ ಕೈ, ರಾಜನನ್ನ ಮೊದಲು ಎತ್ತಿ. ಆನೆಯನ್ನ ಮೊದಲು ಮುಟ್ಟಿದರೆ ಆ ನಡೆಗೆ ಆ ಕಡೆ ಕ್ಯಾಸ್ಲಿಂಗ್ ಇಲ್ಲ. ಎರಡು ಕೈ ಬಳಸಿ ಗಡಿಯಾರ ಒತ್ತಿದರೆ ಅದು ಅಕ್ರಮ ನಡೆಯ ಲೆಕ್ಕ: ಕ್ಲಾಸಿಕಲ್ (ದೀರ್ಘ ಸಮಯದ) ಆಟದಲ್ಲಿ ಮೊದಲ ಸಲ ಎದುರಾಳಿಗೆ ಎರಡು ನಿಮಿಷ ಹೆಚ್ಚು, ಎರಡನೇ ಸಲ ಸಾಮಾನ್ಯವಾಗಿ ಸೋಲು. ಮನೇಲೂ ಆನ್‌ಲೈನ್ ಆಟವನ್ನ ಮುಂದೆ ಬೋರ್ಡ್ ಇಟ್ಟು, ಪ್ರತಿ ನಡೆ ಅಲ್ಲೂ ನಡೆಸಿ, ಕಾಗದದಲ್ಲಿ ಬರೆದು ಆಡಿ. ಫೋನಿನ ಚಪ್ಪಟೆ ಚಿತ್ರಕ್ಕೆ ಒಗ್ಗಿದ ಕಣ್ಣಿಗೆ ನಿಂತ ಕಾಯಿಗಳ ಹಿಂದೆ ದೂರದ ಒಂಟೆ ಕಾಣಲ್ಲ.