ಒತ್ತಕ್ಷರದಲ್ಲಿ ಎಡವುವ ಮಕ್ಕಳಿಗೆ ಯಾವ ಪುಸ್ತಕ ಕೊಳ್ಳಲಿ?

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಕನ್ನಡ ಕಲಿಸುತ್ತೇನೆ. ಮೂರರವರೆಗೆ ನಲಿ-ಕಲಿ (ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ) ಕಾರ್ಡುಗಳಲ್ಲಿ ಕಲಿತ ಮಕ್ಕಳು ಇಲ್ಲಿ ಒಮ್ಮೆಲೇ ಪಠ್ಯಪುಸ್ತಕ ಹಿಡಿಯಬೇಕು. 22 ಮಕ್ಕಳಲ್ಲಿ ಎಂಟು ಮಂದಿ ಕಾಗುಣಿತದವರೆಗೆ ಸಲೀಸು. 'ಅಜ್ಜ', 'ಅಕ್ಕ' ಕೂಡ ಓದುತ್ತಾರೆ. 'ರಾತ್ರಿ', 'ಪುಸ್ತಕ' ಬಂದರೆ ಗಾಡಿ ಅಲ್ಲೇ ನಿಲ್ಲುತ್ತದೆ.

ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುವ ಕನ್ನಡ ಕಥೆಗಳನ್ನು ಪ್ರಿಂಟ್ ತೆಗೆದು ಕೊಟ್ಟೆ. ಚಿತ್ರ ನೋಡಿ ಖುಷಿಪಟ್ಟರು. ಆದರೆ ಅಲ್ಲಿ ಒಂದನೇ ಹಂತ ಅಂದರೆ ಪದಗಳು ಕಡಿಮೆ, ವಾಕ್ಯ ಸುಲಭ ಅಂತ ಅಷ್ಟೇ. ಒತ್ತಕ್ಷರದ ಲೆಕ್ಕ ಇಲ್ಲ. ಮೊದಲ ಪುಟದಲ್ಲೇ 'ನಕ್ಷತ್ರ' ಬಂದರೆ ಏನು ಮಾಡೋದು? ಪೇಟೆ ಅಂಗಡಿಯವರು ಕೊಟ್ಟದ್ದು ಸುಮ್ನೆ ತಿದ್ದಿ ಬರೆಯುವ ಪುಸ್ತಕ, ಅದು ನಮ್ಮಲ್ಲಿ ಬೇಕಾದಷ್ಟಿದೆ. ನಾನೇ ಓದಿ ಕಲಿಯೋಣ ಅಂತ ತರಿಸಿದ ಪುಸ್ತಕದಲ್ಲಿ ಬರೀ ಇಂಗ್ಲಿಷ್ ಫೋನಿಕ್ಸ್, ಅಂದರೆ ಅಕ್ಷರಕ್ಕೆ ಧ್ವನಿ ಜೋಡಿಸಿ ಓದಿಸುವ ಕ್ರಮ. ನಮ್ಮ ಅಕ್ಷರಗಳಿಗೆ ಅದು ಹೊಂದುವುದಿಲ್ಲ, ಅಲ್ವಾ?

ಗ್ರಂಥಾಲಯದ ಅನುದಾನದಲ್ಲಿ 5,000 ರೂಪಾಯಿ ಇದೆ. ಈ ತಿಂಗಳೊಳಗೆ ಬಿಲ್ ಇಡಬೇಕು. ನನ್ನ ಗೊಂದಲ ಇಷ್ಟೇ: ಮೊದಲು ಒತ್ತಕ್ಷರ ಇಲ್ಲದ, ಆಮೇಲೆ ಸಜಾತೀಯ ('ಅಕ್ಕ'ದಂತೆ ಅದೇ ಅಕ್ಷರದ ಒತ್ತು), ಕೊನೆಗೆ ವಿಜಾತೀಯ ('ಪುಸ್ತಕ'ದಂತೆ ಬೇರೆ ಅಕ್ಷರದ ಒತ್ತು) ಅಂತ ಹಂತ ಮಾಡಿದ ಕಥೆಪುಸ್ತಕಗಳನ್ನೇ ಹುಡುಕಬೇಕಾ? ಅಥವಾ ಒಳ್ಳೆಯ ಕಥೆ ಯಾವುದಾದರೂ ಸರಿ, ಕಷ್ಟದ ಪದ ನಾನು ಓದಿ ಹೇಳಿದರೆ ಸಾಕಾ? ತರಗತಿಯಲ್ಲಿ ಮಾಡಿ ನೋಡಿದವರು ಹೇಳಿ. ಹಾಗೆಯೇ, ಓದು ಕಲಿಸುವುದರ ಬಗ್ಗೆ ಶಿಕ್ಷಕರಿಗಾಗಿ ಕನ್ನಡದಲ್ಲೇ ಇರುವ ಒಂದು ಪುಸ್ತಕದ ಹೆಸರು ಕೊಡುತ್ತೀರಾ?