ಇಲಿಯ ಸೆಮಿನಲ್ ವೆಸಿಕಲ್: ಒಂದರಲ್ಲಿ ಫ್ರಕ್ಟೋಸ್ ಇದೆ, ಇನ್ನೊಂದರಲ್ಲಿ ಇಲ್ಲ. ಏಕೆ?

ಎಂ.ಎಸ್ಸಿ. ವಿದ್ಯಾರ್ಥಿನಿ, ವಿಜಯಪುರ
ವಿಸ್ಟಾರ್ ಎಂಬ ಲ್ಯಾಬ್ ತಳಿಯ ಗಂಡು ಇಲಿಗಳಿಗೆ ಒಂದು ಬೇರಿನ ಸಾರ ಕುಡಿಸಿ, ಸಂತಾನಾಂಗಗಳ ಕಿಣ್ವಗಳಲ್ಲಿ ಏನು ಬದಲಾಗುತ್ತದೆ ಎಂದು ನೋಡುವುದು ನನ್ನ ಪ್ರಾಜೆಕ್ಟ್. ನೈತಿಕ ಸಮಿತಿಯ ಅನುಮತಿ ಇದೆ. ಸಾರವನ್ನೇ ಕೊಡದ ಕಂಟ್ರೋಲ್ ಗುಂಪಿನಲ್ಲಿಯೇ ತೊಡಕು ಎದ್ದಿದೆ. ಕೆಲವು ಇಲಿಗಳ, ವೀರ್ಯದ ದ್ರವ ಸ್ರವಿಸುವ ಸೆಮಿನಲ್ ವೆಸಿಕಲ್‌ನಲ್ಲಿ ಫ್ರಕ್ಟೋಸ್ ಸಕ್ಕರೆಯ ಪರೀಕ್ಷೆಗೆ ಗಾಢ ಕೆಂಪು ಬರುತ್ತದೆ, ಕೆಲವಕ್ಕೆ ಬಣ್ಣವೇ ಏರುವುದಿಲ್ಲ. ಕೆಂಪು ಬಂದ ಮಾದರಿಗಳು ಅರೆದ ಸ್ವಲ್ಪ ಹೊತ್ತಿಗೇ ಗಟ್ಟಿಯಾಗುತ್ತವೆ, ಪಿಪೆಟ್ ಎಳೆಯುವುದಿಲ್ಲ. ಮಾರ್ಗದರ್ಶಕರು ಬಿಸಿಲಿನ ಮೇಲೆ ಹಾಕುತ್ತಾರೆ. ಮೇ ತಿಂಗಳು, ಕರೆಂಟ್ ಬೇರೆ ಹೋಗುತ್ತಿರುತ್ತದೆ. ಪ್ರಾಸ್ಟೇಟ್‌ನಲ್ಲಿ ಆಸಿಡ್ ಫಾಸ್ಫಟೇಸ್ ಕಿಣ್ವ ಸಹ ಪುಸ್ತಕ ಹೇಳುವಷ್ಟು ಸಿಗುತ್ತಿಲ್ಲ. 15 ದಿನ ಸಾರ ಕೊಟ್ಟರೂ ವೀರ್ಯಾಣುಗಳ ಎಣಿಕೆ ಕದಲಿಲ್ಲ. ಯಾರಾದರೂ ದಾರಿ ತೋರಿಸಿ.

ಲ್ಯಾಬ್ ಟೆಕ್ನಿಷಿಯನ್, ಬಾಗಲಕೋಟೆ
ಮೊದಲು ಮಂಜುಗಡ್ಡೆ ನೋಡಿಕೊಳ್ಳಿ. ಕಿಣ್ವ ಅಳೆಯುವ ಅಂಗವಾದರೆ, ತೆಗೆದ ಕೂಡಲೇ ತಣ್ಣಗಿನ 0.25 ಮೋಲಾರ್ ಸುಕ್ರೋಸ್‌ನಲ್ಲಿ ಅರೆಯಬೇಕು. ಫ್ರಕ್ಟೋಸ್ ಅಳೆಯುವ ಮಾದರಿಗೆ ಸುಕ್ರೋಸ್ ಬೇಡ, ಅದೂ ಕೆಂಪು ಕೊಡುತ್ತದೆ. ಫಾಸ್ಫಟೇಸ್‌ಗೆ ನೈಟ್ರೋಫಿನೈಲ್ ಫಾಸ್ಫೇಟ್ ಬಳಸುತ್ತಿದ್ದರೆ, ಕೊನೆಯಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಹಾಕಿದ ಮೇಲೆಯೇ ಬಣ್ಣ ಓದಿ. ಪಿಎಚ್ 5ರಲ್ಲಿ ಹಳದಿ ಕಾಣುವುದೇ ಇಲ್ಲ.

ನಿವೃತ್ತ ಪ್ರಾಣಿಶಾಸ್ತ್ರ ಅಧ್ಯಾಪಕ, ಬೆಳಗಾವಿ
ತಂಗಿ, ಬಿಸಿಲನ್ನು ಬೈಯುವುದು ನಮ್ಮ ಕಡೆಯ ಹಳೆಯ ಚಟ. ಬಿಸಿಲಿಗೆ ಕಿಣ್ವ ಸೋಲಬಹುದು. ಸಕ್ಕರೆ ಒಂದು ಇಲಿಯಲ್ಲಿ ಉಳಿದು ಪಕ್ಕದ ಇಲಿಯಲ್ಲಿ ಮಾಯವಾಗುವುದಿಲ್ಲ. ಉತ್ತರ ನಿನ್ನ ಕತ್ತರಿಯಲ್ಲಿದೆ.

ಮನುಷ್ಯನಲ್ಲಿ ಫ್ರಕ್ಟೋಸ್ ಸೆಮಿನಲ್ ವೆಸಿಕಲ್‌ನಿಂದ ಬರುತ್ತದೆ. ಇಲಿಯಲ್ಲಿ ಹಾಗಲ್ಲ: ಅದು ಕೊಯಾಗ್ಯುಲೇಟಿಂಗ್ ಗ್ರಂಥಿಯಲ್ಲಿಯೂ ಪ್ರಾಸ್ಟೇಟ್‌ನ ಬೆನ್ನಿನ ಭಾಗದಲ್ಲಿಯೂ ತಯಾರಾಗುತ್ತದೆ. ಮನುಷ್ಯನ ಪಠ್ಯಪುಸ್ತಕ ಓದಿ ಇಲಿಯನ್ನು ಕೊಯ್ಯುವವರೆಲ್ಲ ಎಡವುವ ಜಾಗ ಇದೇ. ಈ ಕೊಯಾಗ್ಯುಲೇಟಿಂಗ್ ಗ್ರಂಥಿಯೋ, ಸೆಮಿನಲ್ ವೆಸಿಕಲ್‌ನ ಒಳಬಾಗಿನಲ್ಲಿ ಒಂದೇ ಪೊರೆಯೊಳಗೆ ಅಂಟಿಕೊಂಡು ಕುಳಿತಿರುತ್ತದೆ. ವೆಸಿಕಲ್ ಬೆಳ್ಳಗೆ, ಹೊರಅಂಚು ಗರಗಸದಂತೆ, ಗ್ರಂಥಿ ಅರೆಪಾರದರ್ಶಕ. ಪೊರೆ ಬಿಡಿಸದೆ ಎತ್ತಿದರೆ ಎರಡೂ ಬರುತ್ತವೆ. ಅವಸರದಲ್ಲಿ ಎತ್ತಿದಾಗ ಒಮ್ಮೆ ಬರುತ್ತದೆ, ಒಮ್ಮೆ ಅಲ್ಲೇ ಉಳಿಯುತ್ತದೆ. ನಿನ್ನ ಕೆಂಪು ಮಾದರಿಗಳೇ ಗಟ್ಟಿಯಾಗುತ್ತಿವೆ ಎಂದಾಗಲೇ ನನಗೆ ಸಂಶಯ ಉಳಿಯಲಿಲ್ಲ. ಆ ಗ್ರಂಥಿಯಲ್ಲಿ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಕಿಣ್ವವಿದೆ. ಕ್ಯಾಲ್ಸಿಯಂ ಸಿಕ್ಕರೆ ಅದು ವೆಸಿಕಲ್‌ನ ಪ್ರೋಟೀನುಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಕೂಡಿದ ನಂತರ ಹೆಣ್ಣಿಲಿಯ ಯೋನಿಯಲ್ಲಿ ಗಟ್ಟಿ ಬಿರಡೆ ಕೂರುವುದು ಈ ಕೆಲಸದಿಂದಲೇ. ಕಾಮು ಮತ್ತು ಗ್ಲೇ ಎಂಬ ಫ್ರೆಂಚರು 1896ರಷ್ಟು ಹಿಂದೆಯೇ ಈ ಹೆಪ್ಪನ್ನು ಗಮನಿಸಿದ್ದರು. ನಿನ್ನ ನಳಿಗೆಯಲ್ಲಿಯೂ ಆಗುತ್ತಿರುವುದು ಅದೇ.

ಆಸಿಡ್ ಫಾಸ್ಫಟೇಸ್‌ದೂ ಇದೇ ಕಥೆ. ಆ ಕಿಣ್ವ ತುಂಬಿ ತುಳುಕುವುದು ಮನುಷ್ಯನ ಪ್ರಾಸ್ಟೇಟ್‌ನಲ್ಲಿ. ಇಲಿಯಲ್ಲಿ ಅದಕ್ಕಿಂತ ಬಹಳ ಕಡಿಮೆ.

ಇನ್ನು 15 ದಿನ. ಇಲಿಯ ವೃಷಣದಲ್ಲಿ ಒಂದು ವೀರ್ಯಾಣು ಸಿದ್ಧವಾಗಲು ಸುಮಾರು 50 ದಿನ ಬೇಕು, ಮೇಲೆ ಎಪಿಡಿಡಿಮಿಸ್‌ನ (ವೃಷಣದಿಂದ ಹೊರಟ ವೀರ್ಯಾಣು ಬಲಿಯುವ ನಾಳ) ಪ್ರಯಾಣ. ಎಣಿಕೆ ಹೇಗೆ ಕದಲೀತು? ಸಾರ ಟೆಸ್ಟೊಸ್ಟಿರಾನ್ ತಗ್ಗಿಸುತ್ತಿದ್ದರೆ ಪ್ರಾಸ್ಟೇಟ್, ವೆಸಿಕಲ್‌ಗಳ ತೂಕ ಮಾತ್ರ ಬೇಗ ಇಳಿಯುತ್ತದೆ. ತೂಕ ಬರೆದಿಟ್ಟಿದ್ದೀಯಾ?

ಕಬ್ಬು ಬೆಳೆಗಾರ, ಮುಧೋಳ
ಮಾಸ್ತರರೇ, ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಹೆಗ್ಗಣಗಳು ನಮ್ಮ ಕಬ್ಬಿನ ಬುಡವನ್ನೇ ಕಡಿಯುತ್ತವೆ. ಇಂಥ ಕಿಣ್ವವನ್ನು ನಿಲ್ಲಿಸಿ ಗಂಡುಗಳನ್ನು ಬಂಜೆ ಮಾಡಲು ಬರುವುದಿಲ್ಲವೇ?

ನಿವೃತ್ತ ಪ್ರಾಣಿಶಾಸ್ತ್ರ ಅಧ್ಯಾಪಕ, ಬೆಳಗಾವಿ
ಬರುತ್ತದೆ ಗೌಡರೇ, ಮಾಡಿಯೂ ನೋಡಿದ್ದಾರೆ. ಆಲ್ಫಾ ಕ್ಲೋರೋಹೈಡ್ರಿನ್ ಎಂಬ ರಾಸಾಯನಿಕ ವೀರ್ಯಾಣು ಸಕ್ಕರೆಯಿಂದ ಶಕ್ತಿ ತೆಗೆಯುವ ಒಂದು ಕಿಣ್ವವನ್ನೇ ಕಟ್ಟಿಹಾಕುತ್ತದೆ. ಪ್ರಮಾಣ ಹೆಚ್ಚಾದರೆ ಎಪಿಡಿಡಿಮಿಸ್‌ಗೂ ಪೆಟ್ಟು. ಅಮೆರಿಕದಲ್ಲಿ 1980ರ ದಶಕದಲ್ಲಿ ಇಲಿಗಳಿಗೆಂದು ಮಾರಾಟಕ್ಕೂ ಬಂದಿತ್ತು. ಇಲಿಗೆ ತಾಗುವ ಈ ಮದ್ದು ಸುಂಡಿಲಿಗೆ (ಮೌಸ್) ತಾಗುವುದಿಲ್ಲ, ಅದು ಬೇರೆ ವಿಚಿತ್ರ. ಆದರೆ ಹೊಲದಲ್ಲಿ ಗಂಡನ್ನು ಬಂಜೆ ಮಾಡಿ ಗೆಲ್ಲುವುದು ಕಷ್ಟ. ಉಳಿದ ಒಂದೆರಡು ಗಂಡುಗಳೇ ಅನೇಕ ಹೆಣ್ಣುಗಳನ್ನು ಕೂಡುತ್ತವೆ. ಅಕ್ಕಪಕ್ಕದ ಹೊಲದವರೆಲ್ಲ ಒಂದೇ ವಾರದಲ್ಲಿ ಬಿಲ ಹಿಡಿಯುವುದು ಮೇಲು.

ಎಂ.ಎಸ್ಸಿ. ವಿದ್ಯಾರ್ಥಿನಿ, ವಿಜಯಪುರ
ಸರ್, ತೂಕ ಬರೆದಿಟ್ಟಿದ್ದೇನೆ, ಆದರೆ ಪೊರೆ ಬಿಡಿಸದ ತೂಕ. ಡೀಪ್ ಫ್ರೀಜರ್‌ನಲ್ಲಿರುವ ಮಾದರಿಗಳನ್ನು ಎಸೆಯಬೇಕೇ?

ನಿವೃತ್ತ ಪ್ರಾಣಿಶಾಸ್ತ್ರ ಅಧ್ಯಾಪಕ, ಬೆಳಗಾವಿ
ವೃಷಣ, ಎಪಿಡಿಡಿಮಿಸ್ ಮಾದರಿಗಳಿಗೆ ಈ ತಪ್ಪಿನಿಂದ ಏನೂ ಆಗಿಲ್ಲ, ಅವುಗಳ ಕಿಣ್ವ ಅಳೆ. ಲೆಕ್ಕವನ್ನು ಅಂಗಾಂಶದ ಗ್ರಾಂಗೆ ಹಾಕಬೇಡ, ಪ್ರೋಟೀನಿನ ಮಿಲಿಗ್ರಾಂಗೆ ಹಾಕು. ವೆಸಿಕಲ್‌ನ ಫ್ರಕ್ಟೋಸ್ ಅಂಕಿಗಳನ್ನು ಪ್ರಬಂಧದಿಂದ ಪೂರ್ತಿ ಕೈಬಿಡು, ಸರಾಸರಿ ತೆಗೆದು ಮುಚ್ಚಿಡಲು ಹೋಗಬೇಡ. ಮುಂದಿನ ಗುಂಪಿಗೆ ಅನುಮತಿ ಉಳಿದಿದ್ದರೆ, ಗ್ರಂಥಿಯನ್ನು ಬೇರೆ ಡಬ್ಬಿಗೆ ಹಾಕು. ವೆಸಿಕಲ್ ಅರೆಯುವ ದ್ರಾವಣಕ್ಕೆ ಲೋಹಗಳನ್ನು ಹಿಡಿದಿಡುವ ಇಡಿಟಿಎ ಸೇರಿಸು; ಕ್ಯಾಲ್ಸಿಯಂ ಸಿಗದಿದ್ದರೆ ಹೆಪ್ಪೂ ಇಲ್ಲ. ಆದರೆ ಆಲ್ಕಲೈನ್ ಫಾಸ್ಫಟೇಸ್ ನೋಡುವ ಮಾದರಿಗೆ ಇಡಿಟಿಎ ಸೋಕಿಸಬೇಡ, ಅದಕ್ಕೆ ಬೇಕಾದ ಸತು, ಮೆಗ್ನೀಸಿಯಂಗಳನ್ನೂ ಅದು ಹಿಡಿದುಕೊಳ್ಳುತ್ತದೆ.